ಒಂದು ನೂಲು

ಜಲಪದ್ಮಾ ಎಂಬ ದೋಣಿಹೆಸರು.
ಜ, ಲ, ಪ, ದಾ ದೊಡ್ಡವೆಲ್ಲ ಬಿದ್ದವು,
ಉಳಿದದ್ದು ಅಡಿಯಲ್ಲೊಂದು ಮ-ಒತ್ತು.
ಆರು ಮಿಲಿಮೀಟರಿನ ಬಿಟ್ ಆ ಸಂದಿಯಲ್ಲಿ ತಿರುಗಲಾರದು,
ಕೋಡಿಬಾಗದ ನಮ್ಮ ಓಣಿಯಲ್ಲಿ ಐಸ್ ಲಾರಿ ತಿರುಗದ ಹಾಗೆ.

ಎರಡು ಸ್ಪ್ಯಾನರು, ಹದಿಮೂರು ಮತ್ತು ಹದಿನೇಳು.
ಒಂದು ಹಿಡಿಯಬೇಕು, ಒಂದು ಬಿಡಿಸಬೇಕು.
ಬಿಟ್ ಇನ್ನೂ ಬಿಸಿ. ಊದಿದರೆ
ಹಲಸಿನ ಹಳದಿ ಪುಡಿ ನನ್ನ ಕಣ್ಣಿಗೇ.
ಆರಿದ ಮೇಲೆ ಥರ್ಮಾಕೋಲಿಗೆ ಚುಚ್ಚಿಟ್ಟೆ,
ಬೈತಖೋಲದ ಮೀನುಪೆಟ್ಟಿಗೆಯ ತುಂಡು ಅದು,
ನಾಲ್ಕು ವರ್ಷವಾದರೂ ಬಂಗಡೆಯ ವಾಸನೆ ಹೋಗಿಲ್ಲ.

ಸಣ್ಣದನ್ನು ಎತ್ತಿ ವರ್ನಿಯರಿನ ಬಾಯಿಗೆ ಕೊಟ್ಟೆ.
ಬುಡ ಮೂರು ಪಾಯಿಂಟ್ ಒಂದು ಏಳು ಐದು.
ಯಾವ ಸೀಮೆಯ ಲೆಕ್ಕ, ಮೂರೂ ಅಲ್ಲ ನಾಲ್ಕೂ ಅಲ್ಲ
ಎಂದು ಗೊಣಗಿದ್ದಕ್ಕೆ
ಬಾಗಿಲಲ್ಲಿ ಬೀಡಿ ಹುಡುಕುತ್ತಿದ್ದ ಪುಂಡಲೀಕ ಬಾಪ್ಪಾ
"ಕೊಡಿಲ್ಲಿ" ಎಂದರು.
ಹೆಬ್ಬೆರಳಿಗೂ ನಡುಬೆರಳಿಗೂ ಮಧ್ಯೆ ಹೊರಳಿಸಿದರು
(ತೋರುಬೆರಳಿನ ತುದಿಗೆಣ್ಣು ಎಂಬತ್ತೊಂದರಲ್ಲೇ ಗರಗಸಕ್ಕೆ ಹೋಗಿದೆ).
"ಒಂದು ನೂಲಲ್ಲವೇನೇ ಇದು? ಇಂಚಿಗೆ ಎಂಟು."
ಮತ್ತೆ ಬೀಡಿ ಹುಡುಕತೊಡಗಿದರು.

ನಾನು ಮೂರು ವರ್ಷದಿಂದ ಪಾಯಿಂಟು ಬಾಯಿಪಾಠ ಮಾಡುತ್ತಿದ್ದೆ.

ಈಗ ತುದಿ ಎಲ್ಲಿ ಮರ ಎಲ್ಲಿ, ಯಂತ್ರಕ್ಕೆ ಗೊತ್ತಿಲ್ಲ.
ಹೋದ ಬಿಟ್ಟಿನ ಉದ್ದವನ್ನೇ ನಂಬಿ ಕೂತಿದೆ.
ಅಂಕೋಲೆಯ ಬಸ್ ಟಿಕೆಟನ್ನು ನಡುವೆ ಹಾಸಿ
ಕೂದಲು ಕೂದಲಾಗಿ ಇಳಿಸುತ್ತೇನೆ,
ಒಂದು ಕೈ ಗುಂಡಿಯ ಮೇಲೆ, ಒಂದು ಕೈ ಟಿಕೆಟು ಜಗ್ಗುತ್ತ.
ಬಂತು. ಬಂತು. ಇನ್ನೂ ಬಂತು.
ಗಾಳಕ್ಕೆ ನೊಗ್ಲಿ ಮೂತಿ ತಾಗಿಸಿದಂತೆ ಒಂದು ತಡೆ.
ಅಲ್ಲೇ ಸೊನ್ನೆ.
ಟಿಕೆಟಿನ ದಪ್ಪ ಪಾಯಿಂಟ್ ಸೊನ್ನೆ ಆರು, ಕಳೆಯಬೇಕು.
ಕಳೆಯದಿದ್ದರೆ ಸಮುದ್ರವೇನೂ ಕೇಳುವುದಿಲ್ಲ,
ಸುಕ್ರು ತಾಂಡೇಲ ಕೇಳಿಯಾನು. ಕಳೆದೆ.

ಒಮ್ಮೆ ಈ ಸೊನ್ನೆ ಮರೆತಿದ್ದೆ.
ಬಿಟ್ ಹಲಗೆ ದಾಟಿ ಕೆಳಗಿನ ಮಣೆಗೂ ಇಳಿದು
ಯಾರದೋ ದೋಣಿಯ ಅರ್ಧ ಳ ಅಲ್ಲೇ ಉಳಿಯಿತು.
ಹಲಗೆಯ ದುಡ್ಡು ನನ್ನ ಕೈಯಿಂದ.
ಬಾಪ್ಪಾ ಬೈಯಲಿಲ್ಲ. ಮೊಂಡುಬೆರಳನ್ನು ಆ ಗುಳಿಯಲ್ಲಿಟ್ಟು
"ನನಗೆ ಸರಿಯಾಗಿ ಕೂರುತ್ತದೆ" ಎಂದಿದ್ದರು.

ಇವತ್ತೂ ಗುಂಡಿಗೆ ಮೊದಲು ಆ ಳ ಮುಟ್ಟಿದೆ.
ಒತ್ತಿದೆ.
ಮ-ಒತ್ತು ಸುತ್ತಿಕೊಂಡು ಬರುತ್ತಿದೆ,
ಕರೆಂಟು ಇದ್ದರೆ ಇನ್ನು ಹತ್ತು ನಿಮಿಷ.
ಬಾಪ್ಪಾಗೆ ಬೀಡಿ ಸಿಕ್ಕಿದೆ. ಕಡ್ಡಿಪೆಟ್ಟಿಗೆ ನನ್ನ ಹತ್ತಿರ.
ಬಾಯಿ ಅಲ್ಲಾಡಿಸಿ ಕೇಳುತ್ತಿದ್ದಾರೆ,
ಈ ಸದ್ದಿನಲ್ಲಿ ಕೇಳಿಸದವಳಂತೆ ನಿಂತಿದ್ದೇನೆ.