ನಲವತ್ತು ಎಂಬಿ ಜಾಗಾ

ಗುಲ್ಬರ್ಗದಿಂದ ಬಂದ ಹುಡುಗ ಪ್ರಫುಲ್ಲ
ಫರಸಿ ಥಪ್ಪಿ ಮ್ಯಾಲ ಕರ್ಚೀಫ್ ಹಾಸಿ ಕುಂತ.
ಲ್ಯಾಪ್‌ಟಾಪ್ ತೆರೆಯೋದರೊಳಗ
ಕಲ್ಲು ಕೊಯ್ಯೋ ಮಶೀನಿನ ಧೂಳು
ಅದರ ಹಣಿಗೆ ವಿಭೂತಿ ಹಚ್ಚಿತ್ತು.

"ಎರಡು ದಾರಿ ಅದಾವ ಅಕ್ಕಾ.
ವೆಬ್‌ಸೈಟ್ ಅಂದ್ರ ಅಂಗಡಿ ಮುಂದಿನ ಕಟ್ಟಿ,
ಯಾರರ ಬರ್ತಾರ, ಕೂಡ್ತಾರ, ಎದ್ದು ಹೋಗ್ತಾರ.
ಆಪ್ ಅಂದ್ರ ಗಿರಾಕಿ ಮನಿಯೊಳಗೇ
ನಮ್ಮದೊಂದು ಗೂಟ.
ದಿನಾ ಗಂಟಿ ಬಾರಿಸಬಹುದು."

ಕಟ್ಟಿಗೆ ಅರವತ್ತು ಸಾವಿರ.
ಗೂಟಕ್ಕ ಎರಡೂವರಿ ಲಕ್ಷ.

ನಾ ಲೆಕ್ಕದ ಬುಕ್ ತೆಗೆದೆ.
ಚಿಂಚೋಳಿ ಗುಂಡೇರಾವ, ಪಡಸಾಲಿಗೆ ಆರು ನೂರು ಫೂಟು,
ಹನ್ನೊಂದು ವರ್ಷಾತು, ಮತ್ತ ಬಂದಿಲ್ಲ.
ಯಾಕ ಬರಬೇಕು? ನಮ್ಮ ಶಹಾಬಾದ ಕಲ್ಲು ಸವೆಯೋದಿಲ್ಲ.
ವಾಡಿಯ ಖೈರುನ್ನಿಸಾ, ಅಡಿಗಿಮನಿಗೆ ಎಂಬತ್ತು,
ಮೂರು ವರ್ಷ ಬಿಟ್ಟು ಗಂಡನ ಗೋರಿಗೆ ಹದಿನೆಂಟು.
ಅಷ್ಟ.
ಚಲೋ ಮಾಲು ಮಾರೋರ ಹಣೆಬರಹ ಇದು,
ಗಿರಾಕಿ ಖುಷಿ ಆದ್ರ
ಹೊಳ್ಳಿ ಬರೋದಿಲ್ಲ.

"ಖೈರುನ್ನಿಸಾಗ ದಿನಾ ಗಂಟಿ ಬಾರಿಸಿ
ಏನಂತ ಕೇಳ್ಲಿ ತಮ್ಮಾ?"

ಹುಡುಗ ರಸ್ತೆ ಆಚಿ ನೋಡಿದ.
ಅಲ್ಲಿ ಥಾವರು ರಾಠೋಡನ ಚಹಾದ ಗಾಡಿ.
ಒಬ್ಬೊಬ್ಬ ಗಿರಾಕಿ ದಿನಕ್ಕ ನಾಕು ಸಲ ಬರ್ತಾನ ಅವಗ,
ಆಪ್ ಬೇಕಾದ್ದು ಖರೆ ಅಂದ್ರ ಅವಗ.
ಆದ್ರ ಅವಗ ಒಂದು ಸೀಟಿ ಸಾಕು.

ಅಷ್ಟರಾಗ ಗೌಂಡಿ ಮಾಪಣ್ಣ ಬಂದ.
"ಕಾಕಾ, ನಿಮ್ಮ ಫೋನ್ ಕೊಡ್ರಿ,
ಒಂದು ಆಪ್ ಹಾಕಿ ತೋರಸ್ತೀನಿ ಅಕ್ಕಗ.
ಬರೇ ನಲವತ್ತು ಎಂಬಿ."
ಒತ್ತಿದ. ಗುಂಡಗಿನ ಗೆರಿ ಅರ್ಧ ತಿರುಗಿ ನಿಂತು
ಹೇಳಿತು: ಜಾಗಾ ಇಲ್ಲ.

"ಏನರ ಅಳಿಸಬೇಕಾಗ್ತದ ಕಾಕಾ."

ಮಾಪಣ್ಣ ಬೆರಳಿನ ಸಿಮೆಂಟು ಧೋತರಕ್ಕ ಒರಸಿ
ಒಡೆದ ಗಾಜಿನ ಮ್ಯಾಲ ಒಂದೊಂದ ಸರಿಸಿದ.
ಹೆಂಡ್ತಿ ಇಲ್ಲ, ಮೊಮ್ಮಕ್ಕಳಿಲ್ಲ, ದೇವರೂ ಇಲ್ಲ.
ನೆಲ.
ಬರೇ ನೆಲದ ಫೋಟೋ.
ಸಾಮಾನು ಬರೋಕ್ಕಿಂತ ಮೊದಲಿನವು,
ಒಬ್ಬರೂ ತುಳಿಯೋಕ್ಕಿಂತ ಮೊದಲಿನವು.
ಪ್ರತಿಯೊಂದರ ಕೆಳಗಿನ ಅಂಚಿಗೆ
ಅವನ ಎರಡು ಹೆಬ್ಬೆರಳು.

"ಇದು ಸೇಡಂ ಮಾಸ್ತರ ಮನಿ.
ಇದು ಜೇವರ್ಗಿ ದವಾಖಾನಿ, ಒಂದು ಕೊಡ ನೀರು ಸುರುವಿ ನೋಡಿದೆ,
ಒಂದು ಹನಿ ನಿಲ್ಲಲಿಲ್ಲ.
ಇದು ಚಿತ್ತಾಪುರದ್ದು. ಈ ಮಾಲಕ ಇನ್ನೂ ಕೂಲಿ ಕೊಟ್ಟಿಲ್ಲ."

"ಹಂಗಂದ್ರ ಇದನ್ನ ಅಳಿಸೂನೇನ್ರಿ?"

ಮಾಪಣ್ಣ ಫೋನು ಹಿಂದಕ ಎಳಕೊಂಡ.
"ರೊಕ್ಕ ಕೊಡದಿದ್ದವ ಅವ.
ನೆಲ ಏನು ಮಾಡ್ಯಾದ?"

ನಾ ಬುಕ್ ಮುಚ್ಚಿದೆ.
"ಕಟ್ಟಿ ಮಾಡು ತಮ್ಮಾ.
ಹಗುರ ಇರಲಿ, ಖಣಿ ತಗ್ಗಿನಾಗ
ಒಂದ ಗೆರಿ ಸಿಗ್ನಲ್ ಇದ್ರೂ ತೆರೀಬೇಕು.
ಆರು ಫೋಟೋ. ಭಾವ. ಲಾರಿ ಬಾಡಿಗಿ ಮುಚ್ಚಿಡಬ್ಯಾಡ.
ಮ್ಯಾಲ ದೊಡ್ಡದಾಗಿ ನನ್ನ ನಂಬರು."
ಹುಡುಗನ ಮುಖ
ಒಂದು ಲಕ್ಷ ತೊಂಬತ್ತು ಸಾವಿರದಷ್ಟು ಸಣ್ಣಾತು.
ಚಹಾ ಕುಡಿಸಿ ಕಳಿಸಿದೆ.

ಇಪ್ಪತ್ತು ದಿನಕ್ಕ ಕಟ್ಟಿ ತಯಾರಾತು.
ಆರರಾಗ ಮೂರು ಫೋಟೋ ಮಾಪಣ್ಣಂದು;
ಹೆಬ್ಬೆರಳು ಕತ್ತರಿಸಬ್ಯಾಡ ಅಂತ ಹೇಳಿದ್ದೆ.
ಅವ ಅದ ಥಪ್ಪಿ ಮ್ಯಾಲ ಕುಂತು ತೆಗೆದು ನೋಡಿದ,
ಏನೂ ಇಳಿಸಲಿಲ್ಲ, ಏನೂ ಅಳಿಸಲಿಲ್ಲ,
ನಂಬರು ಒತ್ತಿದ.
ನನ್ನ ತೊಡಿ ಮ್ಯಾಲಿನ ಫೋನು ನಡುಗಿತು.
"ಎದುರಿಗೇ ಇದ್ದೀನಲ್ಲೋ!"

ಸುಮ್ಮನಿರು ಅಂತ ಕೈ ಮಾಡಿದ.
ಗ್ವಾಡಿ ಕಡೆ ಮುಖ ಹೊಳ್ಳಿಸಿ
ಎಂದೂ ನೋಡದ ಊರಿನವರ ದನಿ ಮಾಡಿ ಕೇಳಿದ:
"ಹಲೋ, ಸುಗಲಾಬಾಯಿ ಫರಸಿ ಅಂಗಡಿ ಏನ್ರಿ?
ಎರಡು ಬೈ ಎರಡು, ಹೆಂಗ ಕೊಡ್ತೀರಿ?"