ಮಾಲು ನಂಬರ್ ಮೂರು

ಕೊಣನೂರು ಠಾಣೆಯ ಹಿತ್ತಲಲ್ಲಿ
ಮೂರು ಬಕೆಟ್ಟು. ಹಳೇ ಪೇಂಟಿನವು.
ಕಾಂಡಕ್ಕೆ ದಾರ, ದಾರಕ್ಕೆ ಅರಗು, ಅರಗಿನ ಮೇಲೆ ಮೊಹರು.
ಗಿಡ ಸೊಂಟದೆತ್ತರ,
ಎಲೆಗೆ ಏಳು ಬೆರಳು.

ಆಸಾಮಿ ಸೆಲ್ಲಿನಲ್ಲಿ, ಮಾಲು ಬಿಸಿಲಿನಲ್ಲಿ.
ಮಂಗಳವಾರ ಮ್ಯಾಜಿಸ್ಟ್ರೇಟರ ಮುಂದೆ ತೂಕ, ಫೋಟೋ.
"ಅಲ್ಲೀತನಕ ಸಾಯಬಾರದು" ಅಂದರು ಸಾಹೇಬರು
ನನ್ನ ಕಡೆ ನೋಡಿ,
ಹೆಂಗಸಲ್ಲವೇ, ನೀರು ಹಾಕೋದು ಬರುತ್ತೆ ಅನ್ನುವ ಹಾಗೆ.

ಶನಿವಾರ ಮೂರನೆಯದು ಹಳದಿಗಟ್ಟಿತು.
ನೀರು ಹಾಕಿದೆ. ಭಾನುವಾರ ಇನ್ನಷ್ಟು ಜೋತಿತು,
ಒದ್ದೆ ಮಣ್ಣಲ್ಲಿ ನಿಂತೂ ಬಾಯಾರಿದಂತೆ.
ಎಲೆ ತಿರುವಿ ನೋಡಿದೆ, ಅಡಿಗೂ ಏನಿಲ್ಲ.
ರೈಟರ್ ಶಾಂತವೀರಪ್ಪ ಹೇಳಿದರು:
"ಬರಕೊಂಡುಬಿಡಿ. ಸದರಿ ಮಾಲು ತಾನಾಗಿಯೇ ಬಾಡಿರುತ್ತದೆ."

ತಾನಾಗಿಯೇ ಯಾವುದೂ ಬಾಡುವುದಿಲ್ಲ.
ನಾನು ಸೇವಂತಿಗೆ ಬೆಳೆದವಳ ಮಗಳು.
ಎಲೆ ಬಾಯಿ ಬಿಡದಿದ್ದರೆ ಇರುವೆಯನ್ನು ಕೇಳು
ಅಂತಿದ್ದಳು ಅವ್ವ.

ಕೇಳಿದೆ.
ಬಕೆಟ್ಟಿನ ತಳದ ತೂತಿನಿಂದ ಒಂದು ಸಾಲು,
ಕರಿ ಇರುವೆ, ಅವಸರವಿಲ್ಲದ್ದು,
ಸಂಜೆ ಡೈರಿಗೆ ಹೋಗಿಬರುವವರ ಹಾಗೆ.

ಮೊಹರಿಗೆ ತಾಗದಂತೆ ಓರೆ ಮಾಡಿ
ಅಂಗೈಯಲ್ಲಿ ಎರಡೇಟು ಕೊಟ್ಟೆ. ಮಣ್ಣಿನ ಹೆಂಟೆ
ಅರ್ಧ ಗೇಣು ಜಾರಿತು.
ಅಲ್ಲಿದ್ದವು.
ಬೇರಿನ ಕವಲಲ್ಲಿ ಹಿಟ್ಟು ಉದುರಿಸಿದಂತೆ,
ಕಣ್ಣು ಹತ್ತಿರ ಒಯ್ದರೆ ಹಿಟ್ಟಿಗೆ ಕಾಲು.
ಬೇರುಹೇನು.
ಮೂತಿ ನೆಟ್ಟು, ಅಲುಗದೆ, ಕುಡಿಯುತ್ತ.
ಇರುವೆ ಬಂದು ಮೀಸೆಯಲ್ಲಿ ಬೆನ್ನು ಸವರಿದರೆ
ಒಂದು ಹನಿ ಸಿಹಿ ಸುರಿಸುತ್ತವೆ.
ನೆಲದಡಿ ಒಂದು ಕೊಟ್ಟಿಗೆ,
ಯಾವ ಎಫ್‌ಐಆರಿಗೂ ಸಿಗದ್ದು.

"ಬಿಳೀದಾ ಮೇಡಂ?"
ಕಂಬಿಯ ಒಳಗಿಂದ ಜವರಪ್ಪ, ಪಂಕ್ಚರ್ ಅಂಗಡಿಯವ.
ಬೀಜ ಯಾರು ಕೊಟ್ಟರು ಅಂದರೆ
ಮೂರು ದಿನ ತುಟಿ ಬಿಚ್ಚದವ
ಈಗ ಕಂಬಿಗೆ ಹಣೆ ಒತ್ತಿ ಕೇಳುತ್ತಾನೆ,
"ಬೇರು ಕಂದೈತಾ? ತುದಿ ಕೊಳೆತೈತಾ?
ನೀರು ಕಮ್ಮಿ ಮಾಡಿ. ಜೊತೇವು ಎರಡನ್ನ
ದೂರ ಇಡಿ, ನಿಮ್ಮ ಪುಣ್ಯ."
ಹೇಗಿದ್ದರೂ ಅವು ಸುಡುವ ಗಿಡ.
ಅವನಿಗೂ ಗೊತ್ತು.

ನಮ್ಮ ಕಡೆ ಹೊಗೆಸೊಪ್ಪಿಗೆ ಬರವಿಲ್ಲ.
ಪಕ್ಕದ ಬ್ಯಾರನ್ನಿನ ನೆಲ ಗುಡಿಸಿದ ಚೂರು
ಒಂದು ಹಿಡಿ ತಂದು ರಾತ್ರಿ ನೆನೆಹಾಕಿದೆ.
ಬೆಳಿಗ್ಗೆ ಸೋಸಿದರೆ ಕರೀ ಟೀ ಬಣ್ಣ.
ಬೋರ್ಡು ಲೈಸೆನ್ಸು ಕೊಟ್ಟ ಎಲೆಯ ಕಷಾಯ
ಕಾನೂನು ಒಪ್ಪದ ಎಲೆಯ ಬೇರಿಗೆ.
ಸಾಹೇಬರು ನೋಡಿದರು. ಏನೂ ಅನ್ನಲಿಲ್ಲ.
ಸಿಗರೇಟು ಹಚ್ಚಿಕೊಂಡು ಆಚೆ ಹೋದರು.

ಹೇನು ಕಂದು ತಿರುಗಿ ಉದುರಿದವು. ಎಲ್ಲವೂ ಅಲ್ಲ.
ಸೋಮವಾರ ಇಳಿಹೊತ್ತಿಗೆ ಮೂರನೆಯದು
ತಲೆ ಎತ್ತಿತ್ತು,
ಕರೆದರೆ ಓಗೊಡುವಷ್ಟು.
ಜವರಪ್ಪನಿಗೆ ಹೇಳಿದೆ. "ಹ್ಞೂಂ" ಅಂದ.
ಆ ರಾತ್ರಿ ಮುದ್ದೆ ಪೂರ್ತಿ ಉಂಡ.

ತೂಕವಾಯಿತು, ಬೇರು ಬಿಟ್ಟು, ಮಣ್ಣು ಬಿಟ್ಟು.
ನಾನು ಬರೆದದ್ದು: ಹಸಿರು, ಜೀವಂತ.
'ಜೀವಂತ' ಅನ್ನೋದನ್ನ ಶಾಂತವೀರಪ್ಪ ಹೊಡೆದುಹಾಕಿದರು.
ಬಾಡಿದ್ದರೆ ಇನ್ನೂರು ಗ್ರಾಂ ಕಡಿಮೆ ತೂಗುತ್ತಿತ್ತು.
ಆ ಇನ್ನೂರು ಗ್ರಾಂ
ನಾನು ಬದುಕಿಸಿದ್ದು. ಅವನ ಹೆಸರಿಗೆ ಏರಿತು.
ವ್ಯಾನು ಹತ್ತುವಾಗ ಅವನು ನನ್ನ ಕಡೆ ತಿರುಗಿದ,
ಬೈಯ್ಯಲಿಕ್ಕೆ ಅಂದುಕೊಂಡೆ.
"ಮಣ್ಣು ಬದಲಾಯಿಸಬೇಕಿತ್ತು" ಅಂದ.

ಖಾಲಿ ಬಕೆಟ್ಟು ಹಿತ್ತಲಲ್ಲೇ ಉಳಿದಿದೆ.
ಇವತ್ತು ಡ್ಯೂಟಿ ಮುಗಿಸಿ ಬೂಟು ಬಿಚ್ಚುವಾಗ ಕಂಡೆ,
ಸಾಲು ಮತ್ತೆ ಹೊರಟಿದೆ,
ಒಂದೊಂದರ ಬಾಯಲ್ಲೂ ಬಿಳಿ ಚುಕ್ಕೆ,
ಗೋಡೆ ಹಿಡಿದು, ಧ್ವಜದ ಕಟ್ಟೆ ಬಳಸಿ,
ಸಾಹೇಬರ ಹೆಂಡತಿ ನೆಟ್ಟ
ಡೇರೆ ಹೂವಿನ ಪಾತಿಗೆ.