ಮುಚ್ಚುವ ಹೊತ್ತು ಐದೂವರೆ

ಬಾಗಿಲ ಮೇಲೆ ಹಾಗೆಂದು ಬರೆದಿದೆ. ನಾನೇ ಬರೆದದ್ದು.
ಐದೂವರೆಗೆ ದೀಪ ಆರಿಸುತ್ತೇನೆ, ಕುರ್ಚಿಗಳ ಒಳತಳ್ಳುತ್ತೇನೆ,
ಮೀನಿನ ತೊಟ್ಟಿಗೆ ಒಂದು ಚಿಟಿಕೆ ತಿನಿಸು.
ಮೂಲೆಯ ಆ ಕಪ್ಪು ಡಬ್ಬಿಯನ್ನು ಮಾತ್ರ ಮುಟ್ಟುವುದಿಲ್ಲ.
ನೆರೆ ಬಂದು ಮೂರನೇ ಕಪಾಟಿನವರೆಗೆ ಕೆಸರಿನ ಗೆರೆ ಎಳೆದು ಹೋದ ಮೇಲೆ
ಅದನ್ನು ವಿಶ್ವಕೋಶಗಳಿಗಿಂತ ಮೇಲೆ ಇಟ್ಟಿದ್ದೇನೆ.
ಹಸಿರು ಕಣ್ಣು, ಮಿಣ ಮಿಣ.

ಕೆಂಟಕಿಯ ಈ ಕಣಿವೆಗೆ ಕತ್ತಲು ಬೇಗ.
ಬೆಟ್ಟಗಳು ಎರಡೂ ಕಡೆಯಿಂದ ಹಗಲನ್ನು ಕತ್ತರಿಸಿಬಿಟ್ಟಿವೆ.
ಫೋನಿನ ಕಂಬ ಅತ್ತ ಇಳಿಜಾರಿನಲ್ಲಿ ನಿಂತು
ಅತ್ತಲವರೊಂದಿಗೇ ಮಾತಾಡುತ್ತದೆ.
ಆರಾದ ಮೇಲೆ ಒಂದೊಂದೇ ಗಾಡಿ ಬಂದು
ನನ್ನ ಗೋಡೆಗೆ ಮೂಗು ತಾಗಿಸಿ ನಿಲ್ಲುತ್ತವೆ,
ಹಾಲಿಗೆ ಬಂದ ಕರುಗಳ ಹಾಗೆ.

ಯಾವುದು ಯಾರದೆಂದು ನನಗೆ ಗೊತ್ತು.
ಒಂದು ಬಾಗಿಲಿಗೆ ಬೇರೆಯದೇ ಬಣ್ಣವಿರುವ ಟ್ರಕ್ಕು ಟಾಲ್ಬರ್ಟ್ ನೇಪಿಯರನದು:
ರಾತ್ರಿ ಪಾಳಿಗೆ ಮುಂಚೆ ಐದು ನಿಮಿಷ
ಟೊಲೀಡೊ ಆಸ್ಪತ್ರೆಯಲ್ಲಿರುವ ಮಗಳ ಮುಖ.
ಅದರ ಪಕ್ಕದ್ದರಲ್ಲಿ, ಹಿಂದಿನ ಸೀಟಿನಲ್ಲಿ,
ತಮ್ಮನ ತಲೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು
ಬೀಜಗಣಿತ ಬಿಡಿಸುವ ಮಾರ್ಲಿಸ್.
ತಮ್ಮ ನಿದ್ದೆ ಮಾಡುತ್ತಾನೆ. ಮೇಜು ಅಲುಗುವುದಿಲ್ಲ.

ಹೋದ ತಿಂಗಳು ಮಂಡಳಿ ಕೇಳಿತು:
ಯಾರೂ ಇಲ್ಲದ ಕಟ್ಟಡಕ್ಕೆ ರಾತ್ರಿ ಕರೆಂಟು ಯಾಕೆ?
ಲೆಕ್ಕ ಕೊಟ್ಟೆ: ತಿಂಗಳಿಗೆ ಒಂದು ಡಾಲರೂ ಆಗದು.
ಖಜಾಂಚಿ ಕನ್ನಡಕ ಸರಿಸಿದ: ಆ ಡಬ್ಬಿ ಎಷ್ಟು ಪುಸ್ತಕ ಕೊಟ್ಟಿತು?
ನಾನು ಸುಮ್ಮನಾದೆ.
ಆ ಲೆಕ್ಕದಲ್ಲಿ ನಾನು ಕಳ್ಳಿಯೇ.
ಗಾಳ ಕೊಡುತ್ತೇನೆ, ಕೇಕಿನ ಅಚ್ಚು ಕೊಡುತ್ತೇನೆ,
ರಕ್ತದೊತ್ತಡ ನೋಡುವ ಪಟ್ಟಿ ಎರಡು ವಾರಕ್ಕೆ ಕೊಡುತ್ತೇನೆ;
ಹಳೆಯ ಕಾರ್ಡಿನ ಖಾನೆಗಳಲ್ಲಿ ಈಗ ಬಿತ್ತನೆಯ ಬೀಜ.
'ಇತಿಹಾಸ' ಎಂದು ಹಿತ್ತಾಳೆಯಲ್ಲಿ ಕೊರೆದಿರುವ ಖಾನೆ ಎಳೆದರೆ
ಯಾರದೋ ಅಜ್ಜಿ ಕಾಪಿಟ್ಟ ಬೀನ್ಸು.

ಡೆಲ್ಮಾಸ್ ಕಾಡಿಲ್ ಬರುವುದು ಮಾತ್ರ ಹಗಲು.
ಮೂವತ್ತೊಂದು ವರ್ಷ ನೆಲದಡಿ ಕಲ್ಲಿದ್ದಲು ಅಗೆದ ಕೈ
ಮೌಸನ್ನು ಹಿಡಿಯುವುದು, ಗೂಡಿನಿಂದ ಬಿದ್ದ ಮರಿಯನ್ನು ಹಿಡಿದಂತೆ.
ಶ್ವಾಸಕೋಶ ಕಪ್ಪಾದವರಿಗೆ ಪರಿಹಾರದ ಅರ್ಜಿ:
ಹದಿನಾಲ್ಕು ಪುಟ, ಎಲ್ಲ ಪರದೆಯ ಮೇಲೆ.
ಒಂದೇ ಬೆರಳು, ಅಕ್ಷರ ಹುಡುಕುವ ಬೆರಳು.
ಗಣಿಯ ಹೆಸರು. ಅದು ಮುಚ್ಚಿದ ವರ್ಷ.
ಮೇಸ್ತ್ರಿ ಯಾರು? ಸತ್ತ. ಸಾಕ್ಷಿ? ಅವರೂ.
ಹದಿನೈದು ನಿಮಿಷ ಕೈ ನಿಂತರೆ
ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಮೂರು ಸಲ ಹೋಯಿತು.
ಮೂರು ಸಲವೂ ಅವನು ಟೋಪಿ ತೆಗೆದು, ಮತ್ತೆ ಹಾಕಿಕೊಂಡು,
ಮೊದಲ ಪುಟಕ್ಕೆ ಬಂದ.

ನಾಲ್ಕನೆಯ ಸಲ, ಒಂಬತ್ತನೇ ಪುಟದಲ್ಲಿ
ಕೆಮ್ಮು ಹಿಡಿದು ಕೂತಿದ್ದಾಗ
ಪರದೆಯ ಮೇಲೆ ಒಂದು ಚೌಕ ಎದ್ದಿತು:
'ನೀವು ಇನ್ನೂ ಇದ್ದೀರಾ?'

ಡೆಲ್ಮಾಸ್ ಓದಿದ. ನನ್ನನ್ನು ನೋಡಿದ.
ನಗತೊಡಗಿದ; ನಗು ಮತ್ತೆ ಕೆಮ್ಮಾಗಿ
ಕರವಸ್ತ್ರ ತುಂಬಿತು.
"ಇದ್ದಾನೆ ಅಂತ ಒತ್ತಮ್ಮ," ಎಂದ, "ಸದ್ಯಕ್ಕೆ."
ಒತ್ತಿದೆ.

ಅರ್ಜಿ ಬಂದಿದೆ ಎಂಬ ಹಾಳೆ ಮುದ್ರಿಸಿಕೊಟ್ಟೆ. ಪುಟಕ್ಕೆ ಹತ್ತು ಸೆಂಟು.
ಬೇಡವೆಂದರೂ ನಾಣ್ಯವನ್ನು ಮೇಜಿನಂಚಿಗೆ ತಳ್ಳಿ ಹೋದ.
ಹಾಳೆ ಬಂದಿದೆ ಎಂದಷ್ಟೇ ಅದು ಹೇಳುತ್ತದೆ,
ಏನಾಗುತ್ತದೆ ಎಂದು ಹೇಳುವುದಿಲ್ಲ.
ಮಾರ್ಚ್ ಕಳೆಯಿತು. ನಾನೂ ಕೇಳಿಲ್ಲ.

ನಿನ್ನೆ ರಾತ್ರಿ ಮರೆತ ಕನ್ನಡಕಕ್ಕೆಂದು ವಾಪಸು ಬಂದೆ.
ಒಂಬತ್ತು ಗಂಟೆ, ಪುಡಿಹಿಮ.
ಏಳು ಗಾಡಿ, ಏಳು ಗಾಜಿನ ಹಿಂದೆ ನೀಲಿ ಬೆಳಕು,
ಉಸಿರಿಗೆ ಮಸುಕಾಗಿ, ಮತ್ತೆ ಒರೆಸಿಕೊಂಡು.
ಕೀಲಿಯ ಸದ್ದಿಗೆ ಒಂದು ಗಾಜು ಇಳಿಯಿತು.
"ಮಿಸ್ ವರ್ಲೀನ್, ಮುಚ್ಚಿಬಿಟ್ಟಿರಾ?"

"ಐದೂವರೆಗೇ," ಎಂದೆ.
ಒಳಗೆ ಹೋಗಿ, ದೀಪ ಹಾಕದೆ,
ಕನ್ನಡಕ ತಡಕಿದೆ, ಆ ಹಸಿರು ಬೆಳಕಿನಲ್ಲಿ.